ಹಳೆ 1.9 ಟಿಡಿಐ: ಟೈಮಿಂಗ್ ಬೆಲ್ಟ್ ನೋಡೋಕೆ ಹೊಸದರ ಹಾಗಿದೆ, ಆದರೂ ಬದಲಿಸಬೇಕಾ?

ಮೂರನೇಗೇರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಒಂದು ಕೈಗೆ ಬಂದಿದೆ. ಮೊದಲ ತಲೆಮಾರಿನದು, 1.9 ಟಿಡಿಐ, 90 ಎಚ್‌ಪಿ, ಮ್ಯಾನುಯಲ್. ಡೀಸೆಲ್ ಪಂಪ್ ಇರೋ ಹಳೇ ಇಂಜಿನ್, ಪಿಡಿ (ಪ್ರತ್ಯೇಕ ಇಂಜೆಕ್ಷನ್ ಪಂಪ್ ಇಲ್ಲದ ನಮೂನೆ) ಅಲ್ಲ. ಓಡೋಮೀಟರ್ 1,84,000 ಅಂತ ತೋರಿಸುತ್ತೆ, ಅದನ್ನ ಎಷ್ಟು ನಂಬಬೇಕೋ ಗೊತ್ತಿಲ್ಲ. ಹಿಂದಿನ ಮಾಲೀಕರು "ಬೆಲ್ಟ್ ಎಲ್ಲಾ ಮಾಡ್ಸಿದೀನಿ" ಅಂದರು. ಯಾವಾಗ ಅಂತ ಕೇಳಿದರೆ ಮಾತು ಬೇರೆ ಕಡೆ ಹೋಯ್ತು. ಬಿಲ್ ಇಲ್ಲ, ಕವರ್ ಮೇಲೆ ದಿನಾಂಕದ ಸ್ಟಿಕ್ಕರ್ ಕೂಡ ಇಲ್ಲ.

ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಬಿರುಕಿಲ್ಲ, ಅಂಚು ನೂಲು ಬಿಟ್ಟಿಲ್ಲ, ಬೆನ್ನ ಮೇಲಿನ ಅಕ್ಷರ ಕೂಡ ಓದೋಕಾಗುತ್ತೆ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಆ ಕಡೆಯಿಂದ ಸಣ್ಣಗೆ ಗುರ್ ಅಂತ ಸದ್ದು ಬರುತ್ತೆ, ಒಂದೆರಡು ನಿಮಿಷಕ್ಕೆ ಹೋಗಿಬಿಡುತ್ತೆ. ಅದು ಬಿಟ್ಟರೆ ಗಾಡಿ ಚೆನ್ನಾಗೇ ಓಡ್ತಿದೆ.

ಇನ್ನೊಂದು ವರ್ಷ ಕಾಯಬಹುದಾ? ಬದಲಿಸೋದೇ ಆದರೆ ಬೆಲ್ಟ್ ಒಂದೇ ಸಾಕಾ, ಇಡೀ ಕಿಟ್ ಹಾಕಬೇಕಾ? ಗೊತ್ತಿರೋ ಮೆಕ್ಯಾನಿಕ್ ಒಬ್ಬರು "ಲಾಕ್ ಟೂಲ್ (ಶಾಫ್ಟ್‌ಗಳನ್ನ ಅಲ್ಲಾಡದ ಹಾಗೆ ಹಿಡಿಯೋ ಪಟ್ಟಿ, ಪಿನ್) ಏನೂ ಬೇಡ, ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿ ಮಧ್ಯಾಹ್ನದೊಳಗೆ ಮುಗಿಸಿಕೊಡ್ತೀನಿ" ಅಂತಾರೆ. ನಾನೇ ಮಾಡಿಕೊಳ್ಳೋ ಆಸೆಯೂ ಇದೆ. ಬ್ರೇಕ್, ಸಸ್ಪೆನ್ಷನ್, ಕ್ಲಚ್ ಎಲ್ಲಾ ಮಾಡಿದ್ದೇನೆ. ಆದರೆ ಕ್ರ್ಯಾಂಕ್ ಬೋಲ್ಟ್ ಬಿಚ್ಚೋದು ದೊಡ್ಡ ಯುದ್ಧ ಅಂತ ಕೇಳಿ ಹಿಂಜರಿಕೆ.

ಹೊಗೆಬತ್ತಿ:

ಬಿಲ್ ಇಲ್ಲ ಅಂದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಬದಲಿಸಿ, ಪೂರ್ತಿ ಕಿಟ್ ಹಾಕಿ. ಅಲ್ಲಿವರೆಗೆ ದೂರದ ಪ್ರಯಾಣ ಬೇಡ. ಉಳಿದದ್ದನ್ನ ಪಂಪ್‌ಕೋಣೆ ಅವರು ಹೇಳ್ತಾರೆ, ಈ ಇಂಜಿನ್ ಹೆಸರು ಕೇಳಿದರೆ ಅವರು ಬಂದೇ ಬರ್ತಾರೆ.

ಪಂಪ್‌ಕೋಣೆ:

ಬಂದೆ.

ಡೀಸೆಲ್ ಪಂಪ್ ಪರೀಕ್ಷಿಸೋ ಬೆಂಚ್ ಮುಂದೆ ನಿಂತು ಕೂದಲು ಬೆಳ್ಳಗಾದವನು ನಾನು. ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ಶಾಫ್ಟ್‌ಗೆ ತಾಳ ಹಾಕಿದ ಹಾಗೆ, ವಾಲ್ವ್ ತೆರೆಯೋ ಕ್ಯಾಮ್ ಶಾಫ್ಟ್‌ನ ತಿರುಗಿಸೋದು ಟೈಮಿಂಗ್ ಬೆಲ್ಟ್, ಅದಕ್ಕೇ ಅದರ ಮಾತು ಬಂದರೆ ಎಲ್ಲರೂ ವಾಲ್ವ್ ಬಗ್ಗೆ ಮಾತಾಡ್ತಾರೆ. ನನ್ನ ಕಣ್ಣು ಹೋಗೋದು ಅದೇ ಬೆಲ್ಟ್ ಸುತ್ತಿಸೋ ಪಂಪ್ ಕಡೆಗೆ. ಅದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಟಾರ್ಚ್ ವಿಷಯ. ಬೆಲ್ಟ್ ನೋಡೋಕೆ ಚೆನ್ನಾಗಿದೆ ಅನ್ನೋದಕ್ಕೆ ನಾನು ಬೆಲೆ ಕೊಡಲ್ಲ. ಹಳೇ ಕಾಲದ ನಿಯೋಪ್ರೀನ್ ಬೆಲ್ಟ್‌ಗಳು ವಯಸ್ಸಾದಾಗ ಗಟ್ಟಿಯಾಗಿ ಬೆನ್ನ ಮೇಲೆ ಬಿರುಕು ಬಿಡ್ತಿದ್ದವು, ನೋಡಿದರೆ ಗೊತ್ತಾಗ್ತಿತ್ತು. ಆಮೇಲೆ ಬಂದ ಎಚ್‌ಎನ್‌ಬಿಆರ್ ರಬ್ಬರ್ ಶಾಖಕ್ಕೆ ಜಗ್ಗಲ್ಲ, ಎಷ್ಟೋ ಸಲ ಕೊನೆವರೆಗೂ ಹೊಸದರ ಹಾಗೇ ಕಾಣುತ್ತೆ. ಆದರೆ ಎಳೆತ ಹೊರೋದು ರಬ್ಬರ್ ಅಲ್ಲ, ಅದರೊಳಗೆ ಉದ್ದಕ್ಕೂ ಹೊಸೆದಿರೋ ಗಾಜಿನ ನಾರಿನ ಹುರಿ. ಹಲ್ಲಿನ ಮೇಲೆ ನೈಲಾನ್ ಬಟ್ಟೆಯ ಹೊದಿಕೆ ಇರುತ್ತೆ. ಹುರಿ ಬಾಗಿ ಬಾಗಿ ದಣಿಯೋದು, ಹಲ್ಲಿನ ಬುಡದಲ್ಲಿ ಬಟ್ಟೆ ಸವೆದು ಹಲ್ಲು ಸಡಿಲ ಆಗೋದು, ಇವೇ ನಿಜವಾದ ರೋಗ. ಮೇಲಿನ ಕವರ್ ತೆಗೆದಾಗ ಕಾಣೋ ಗೇಣುದ್ದದ ಬೆನ್ನಲ್ಲಿ ಇವೆರಡೂ ಕಾಣಲ್ಲ. ಅಕ್ಷರ ಅಳಿಸಿಲ್ಲ ಅಂದರೆ ಅಕ್ಷರ ಅಳಿಸಿಲ್ಲ ಅಂತ ಮಾತ್ರ ಅರ್ಥ.

ಕಣ್ಣಿಗೆ ಕಂಡು ಉಪಯೋಗಕ್ಕೆ ಬರೋದು ಒಂದೇ, ಎಣ್ಣೆ. ಕ್ಯಾಮ್ ಸೀಲ್ ಅಥವಾ ಕ್ರ್ಯಾಂಕ್ ಮುಂದಿನ ಸೀಲ್ ಜಿನುಗಿ ಬೆಲ್ಟ್ ಒದ್ದೆ ಆಗಿದ್ದರೆ ಕಿಲೋಮೀಟರ್ ಲೆಕ್ಕ ಎಲ್ಲಾ ಬದಿಗಿಟ್ಟು ತಕ್ಷಣ ಬದಲಿಸಬೇಕು, ಸೀಲ್ ಸಮೇತ. ಎಣ್ಣೆ ಕುಡಿದ ಬೆಲ್ಟ್ ಉಬ್ಬಿ ಮೆತ್ತಗಾಗಿ ಹಲ್ಲು ಬಿಡುತ್ತೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಗುರ್ ಸದ್ದು. ನೀವು ಅದನ್ನ ಹಾಗೇ ಹೇಳಿ ಮುಂದೆ ಹೋಗಿಬಿಟ್ಟಿರಿ. ತಣ್ಣಗಿರುವಾಗ ಬಂದು ಬಿಸಿಯಾದ ಮೇಲೆ ಹೋಗೋ ಸದ್ದು ಹೆಚ್ಚಾಗಿ ಬೇರಿಂಗ್‌ದು, ಗ್ರೀಸ್ ಒಣಗಿರುತ್ತೆ. ಬೆಲ್ಟ್ ಬಿಗಿಯಾಗಿಡೋ ಟೆನ್ಷನರ್ ಇರಬಹುದು, ಬೆಲ್ಟ್‌ಗೆ ದಾರಿ ತೋರಿಸೋ ಐಡ್ಲರ್ ರೋಲರ್ ಇರಬಹುದು, ವಾಟರ್ ಪಂಪ್ ಇರಬಹುದು. ಹೊರಗಿನ ಆಲ್ಟರ್ನೇಟರ್ ಕೂಡ ಇರಬಹುದು. ಕಂಡುಹಿಡಿಯೋದು ಸುಲಭ: ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ಎಸಿ ತಿರುಗಿಸೋ ಹೊರಗಿನ ಪಟ್ಟೆ ಬೆಲ್ಟ್ ತೆಗೆದು, ಬೆಳಗ್ಗೆ ತಣ್ಣಗಿರುವಾಗ ಹತ್ತು ಸೆಕೆಂಡ್ ಇಂಜಿನ್ ಓಡಿಸಿ. ನಿಮ್ಮ ಇಂಜಿನ್‌ನಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟ್ ಮೇಲೇ ಇರೋದರಿಂದ ಅಷ್ಟು ಹೊತ್ತಿಗೆ ಏನೂ ತೊಂದರೆ ಇಲ್ಲ. ಸದ್ದು ಹೋದರೆ ರೋಗ ಹೊರಗಿದೆ. ಹಾಗೇ ಉಳಿದರೆ ಟೈಮಿಂಗ್ ಕವರ್ ಒಳಗಿದೆ, ಆಗ ಒಂದು ವರ್ಷ ಅಲ್ಲ, ಒಂದು ವಾರವೂ ಕಾಯಬೇಡಿ. ಬೆಲ್ಟ್ ತಾನಾಗಿ ಹರಿಯೋದಕ್ಕಿಂತ, ರೋಲರ್ ಹಿಡಿದುಕೊಂಡು ಬೆಲ್ಟ್ ಸುಟ್ಟು ಹೋಗೋದನ್ನೇ ನಾನು ಹೆಚ್ಚು ನೋಡಿರೋದು.

ಹರಿದರೆ ಏನಾಗುತ್ತೆ ಅಂತ ಕೇಳಬೇಡಿ ಅನ್ನೋಣ ಅಂದುಕೊಂಡೆ, ಆದರೆ ಹೇಳಲೇಬೇಕು. ಈ ಇಂಜಿನ್‌ನ ಕಂಪ್ರೆಷನ್ ರೇಶಿಯೋ 19.5, ಅಂದರೆ ಸಿಲಿಂಡರ್‌ನ ಗಾಳಿಯನ್ನ ಅಷ್ಟು ಪಟ್ಟು ಕುಗ್ಗಿಸುತ್ತೆ. ಡೈರೆಕ್ಟ್ ಇಂಜೆಕ್ಷನ್, ಹೆಡ್‌ನ ಕೆಳಮೈ ಚಪ್ಪಟೆ, ಡೀಸೆಲ್ ಉರಿಯೋ ಗುಳಿ ಪಿಸ್ಟನ್ ತಲೆಯಲ್ಲೇ ಇದೆ. ವಾಲ್ವ್‌ಗಳು ನೆಟ್ಟಗೆ ಕೆಳಗೆ ಇಳೀತವೆ. ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಹೆಡ್‌ಗೂ ನಡುವೆ ಉಳಿಯೋ ಜಾಗ ಒಂದು ಮಿಲಿಮೀಟರ್ ಆಸುಪಾಸು. ಇಂಜಿನ್ 4000 ಸುತ್ತಲ್ಲಿದ್ದರೆ ಕ್ಯಾಮ್ 2000 ಸುತ್ತಲ್ಲಿ ಇರುತ್ತೆ, ಒಂದೊಂದು ವಾಲ್ವ್ ಸೆಕೆಂಡಿಗೆ 33 ಸಲ ತೆರೆದು ಮುಚ್ಚುತ್ತೆ. ಅಂಥ ಹೊತ್ತಲ್ಲಿ ಕ್ಯಾಮ್ ನಿಂತು ಕ್ರ್ಯಾಂಕ್ ಓಡ್ತಾ ಇದ್ದರೆ, ತೆರೆದಿರೋ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತೆ. ವಾಲ್ವ್ ಬಾಗೋದು ಕಡಿಮೆ ನಷ್ಟದ ಪಾಠ. ಲಿಫ್ಟರ್ ಒಡೆಯಬಹುದು, ಗೈಡ್ ಸೀಳಬಹುದು, ಕ್ಯಾಮ್‌ಶಾಫ್ಟ್ ಎರಡು ತುಂಡಾಗಬಹುದು.

ಕಿಟ್ ಬಗ್ಗೆ. ಬೆಲ್ಟ್, ಟೆನ್ಷನರ್, ರೋಲರ್‌ಗಳು, ವಾಟರ್ ಪಂಪ್, ಒಮ್ಮೆ ಮಾತ್ರ ಬಳಸೋ ಬೋಲ್ಟ್‌ಗಳು, ಎಲ್ಲಾ ಒಟ್ಟಿಗೇ. ಬೆಲ್ಟ್ ಬದಲಿಸಿ ಹಳೇ ರೋಲರ್ ಬಿಡೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ, ಬಿಚ್ಚೋ ಶ್ರಮ ಒಂದೇ ಅಲ್ಲವಾ. ವಾಟರ್ ಪಂಪ್ ಕೊಳ್ಳುವಾಗ ಲೋಹದ ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಇರೋದು ನೋಡಿ. ಈ ಕುಟುಂಬದ ಇಂಜಿನ್‌ಗಳ ಪ್ಲಾಸ್ಟಿಕ್ ಇಂಪೆಲ್ಲರ್ ಬಿರುಕು ಬಿಟ್ಟು ಶಾಫ್ಟ್ ಮೇಲೆ ಸುಮ್ಮನೆ ಸುತ್ತಿದ ಕತೆಗಳಿವೆ. ಕೂಲೆಂಟ್ ಗುಲಾಬಿ ಬಣ್ಣದ ಜಿ12 ಇದ್ದರೆ ಅದಕ್ಕೆ ಹಸಿರು ಬೆರೆಸಬೇಡಿ.

ಹೊರಗಿನ ಪಟ್ಟೆ ಬೆಲ್ಟ್ ಕೂಡ ಇದೇ ಸಲ ಹೊಸದು ಹಾಕಿ. ಅದು ನೂಲು ಬಿಚ್ಚಿಕೊಂಡರೆ ಆ ನೂಲು ಕೆಳಗಿನ ಕವರ್ ಸಂದಿಯಿಂದ ಒಳಗೆ ಹೋಗಿ ಹೊಸ ಟೈಮಿಂಗ್ ಬೆಲ್ಟ್‌ನ ಹಲ್ಲಿನ ನಡುವೆ ಸಿಕ್ಕಿಕೊಳ್ಳುತ್ತೆ.

ಈಗ ಕ್ರ್ಯಾಂಕ್ ಬೋಲ್ಟ್, ಇಲ್ಲಿ ನಿಮಗೆ ಒಳ್ಳೇ ಸುದ್ದಿ. ಬೆಲ್ಟ್ ಬದಲಿಸೋಕೆ ಅದನ್ನ ಬಿಚ್ಚೋದೇ ಬೇಡ. ಹೊರಗಿನ ಡ್ಯಾಂಪರ್ ಪುಲ್ಲಿ ನಾಲ್ಕು ಅಲೆನ್ ಬೋಲ್ಟ್ ಮೇಲೆ ಕೂತಿದೆ, ಆರು ಮಿಲಿಮೀಟರ್ ಕೀ. ಅವನ್ನ ತೆಗೆದರೆ ಪುಲ್ಲಿ ಕೈಗೆ ಬರುತ್ತೆ. ನಡುವಿನ 19ರ ಹನ್ನೆರಡು ಮೂಲೆ ಬೋಲ್ಟ್ ಇಂಜಿನ್‌ನ ಕೈಯಲ್ಲಿ ತಿರುಗಿಸೋಕೆ ಮಾತ್ರ. ಕ್ರ್ಯಾಂಕ್ ಸೀಲ್ ಸೋರ್ತಿದ್ದರೆ ಮಾತ್ರ ಅದನ್ನ ಬಿಚ್ಚಬೇಕು. ಬಿಚ್ಚಿದರೆ ಹೊಸ ಬೋಲ್ಟೇ ಹಾಕಬೇಕು, 120 ನ್ಯೂಟನ್ ಮೀಟರ್, ಆಮೇಲೆ ಕಾಲು ಸುತ್ತು.

ಕಷ್ಟ ಇರೋದು ಇಂಜಿನ್ ಮೌಂಟ್‌ನಲ್ಲಿ. ಬೆಲ್ಟ್ ಬಲಗಡೆಯ ಮೌಂಟ್ ಬ್ರಾಕೆಟ್ ಒಳಗಿಂದ ಹಾದು ಹೋಗುತ್ತೆ. ಎಣ್ಣೆ ಪ್ಯಾನ್ ಕೆಳಗೆ ಮರದ ತುಂಡಿಟ್ಟು ಜಾಕ್‌ನಿಂದ ಇಂಜಿನ್ ತೂಕ ಹೊತ್ತ ಮೇಲೇ ಮೌಂಟ್ ಬಿಚ್ಚಬೇಕು. ಬ್ರಾಕೆಟ್ ಹೊರಗೆ ತರೋಕೆ ಇಂಜಿನ್‌ನ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಆಡಿಸಬೇಕಾಗುತ್ತೆ. ಮೌಂಟ್ ಬೋಲ್ಟ್‌ಗಳೂ ಹಿಗ್ಗೋ ಜಾತಿಯವು, ಹೊಸದೇ ಹಾಕಿ. ಬ್ರಾಕೆಟ್ ಅಲ್ಯೂಮಿನಿಯಂ, ಮೊದಲು ಕೈಬೆರಳಲ್ಲೇ ಬೋಲ್ಟ್‌ನ ಥ್ರೆಡ್ ಹಿಡಿಸಿ. ಇಂಪ್ಯಾಕ್ಟ್ ಗನ್ ಇಟ್ಟು ಥ್ರೆಡ್ ಹಾರಿಸಿಕೊಂಡವರು ಆಮೇಲೆ ಪಡೋ ಪಾಡು ಬೆಲ್ಟ್ ಕೆಲಸಕ್ಕಿಂತ ದೊಡ್ಡದು.

ಲಾಕ್ ಟೂಲ್ ಬಗ್ಗೆ ಕೇಳಿದಿರಿ. ಬೇಕು. ಈ ಕೆಲಸದಲ್ಲಿ ಬೆಲ್ಟ್ ಅನ್ನೋದು ನೆಪ. ನಿಜವಾದ ಕೆಲಸ ಮೂರು ಶಾಫ್ಟ್‌ಗಳ ನಡುವಿನ ಲೆಕ್ಕ ಸರಿಯಾಗಿ ಕೂರಿಸೋದು: ಕ್ರ್ಯಾಂಕ್, ಕ್ಯಾಮ್, ಪಂಪ್. ಕ್ರ್ಯಾಂಕ್‌ಗೆ ಗುರುತು ಫ್ಲೈವೀಲ್ ಮೇಲಿದೆ, ಗೇರ್‌ಬಾಕ್ಸ್ ಮೇಲಿನ ರಂಧ್ರದಲ್ಲಿ ನೋಡಬೇಕು. ಕ್ಯಾಮ್‌ನ ಹಿಂಬದಿ ತುದಿಯಲ್ಲಿ ಅಡ್ಡ ಸೀಳು ಇದೆ, ವಾಲ್ವ್ ಕವರ್ ತೆಗೆದು ಅದರಲ್ಲಿ ಚಪ್ಪಟೆ ಪಟ್ಟಿ ಕೂರಿಸಬೇಕು. ಪಟ್ಟಿಯ ಒಂದು ತುದಿ ಹೆಡ್‌ಗೆ ತಾಗೋ ಹಾಗೆ ಮಾಡಿ, ಇನ್ನೊಂದು ತುದಿಯ ಸಂದನ್ನ ಫೀಲರ್ ಗೇಜ್‌ನಲ್ಲಿ ಅಳೆದು, ಅದರ ಅರ್ಧದಷ್ಟು ಎರಡೂ ಕಡೆ ಇಟ್ಟರೆ ಕ್ಯಾಮ್ ನಿಖರವಾಗಿ ನಡುಮಧ್ಯ. ಪಂಪ್‌ಗೆ ಪಿನ್. ಅದು ಪುಲ್ಲಿ, ಹಬ್ (ಪುಲ್ಲಿಯನ್ನ ಪಂಪ್ ಶಾಫ್ಟ್‌ಗೆ ಜೋಡಿಸೋ ನಡುಭಾಗ) ದಾಟಿ ಹಿಂದಿನ ರಂಧ್ರಕ್ಕೆ ಹೋಗುತ್ತೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರಲ್ಲ. ಕ್ಯಾಮ್ ಪುಲ್ಲಿಗೆ ಕೀ (ಶಾಫ್ಟ್ ಮೇಲೆ ಜಾರದ ಹಾಗೆ ತಡೆಯೋ ಲೋಹದ ತುಂಡು) ಇಲ್ಲ, ಬರೀ ಟೇಪರ್ (ತುದಿ ಕಡೆ ಕಿರಿದಾಗೋ ಶಾಫ್ಟ್) ಮೇಲೆ ಬಿಗಿಯಾಗಿ ಕೂತಿರುತ್ತೆ. ಬೋಲ್ಟ್ ಅರ್ಧ ಸುತ್ತು ಸಡಿಲಿಸಿ, ಹಿಂದಿನ ಕವರ್‌ನ ರಂಧ್ರದಿಂದ ಡ್ರಿಫ್ಟ್ (ಮೊಂಡು ತುದಿಯ ಸರಳು) ಇಟ್ಟು ಮೆಲ್ಲಗೆ ಒಂದು ಏಟು ಕೊಟ್ಟರೆ ಬಿಡುತ್ತೆ. ಹೊಸ ಬೆಲ್ಟ್ ಹಾಕಿ ಟೆನ್ಷನ್ ಕೊಡುವಾಗ ಪುಲ್ಲಿ ತಾನಾಗಿ ತಿರುಗಿ ಜಾಗ ಹುಡುಕಿಕೊಳ್ಳಬೇಕು, ಆಮೇಲೆ 45 ನ್ಯೂಟನ್ ಮೀಟರ್‌ಗೆ ಬಿಗಿ. ಹಾಗೇ ಪಂಪ್ ಪುಲ್ಲಿಯ ಹೊರಗಿನ ಮೂರು ಬೋಲ್ಟ್‌ಗಳು ಉದ್ದ ಸೀಳಿನಲ್ಲಿ ಇವೆ, ಅಲ್ಲೂ ಇದೇ ಉದ್ದೇಶ. ಬಿಗಿಯುವಾಗ ಪಟ್ಟಿ, ಪಿನ್ ಇವುಗಳನ್ನ ಆಸರೆ ಮಾಡಿಕೊಂಡು ಬಲ ಹಾಕಬೇಡಿ, ಪುಲ್ಲಿ ಹಿಡಿಯೋಕೆ ಬೇರೆ ಹಿಡಿಕೆ ಇರುತ್ತೆ.

ಆ ಪಂಪ್ ಪುಲ್ಲಿಯ ನಟ್ಟನಡುವೆ ಒಂದು ದೊಡ್ಡ ನಟ್ ಕಾಣುತ್ತೆ. ಅದನ್ನ ಬಿಚ್ಚಬೇಡಿ. ಯಾರು ಹೇಳಿದರೂ ಬಿಚ್ಚಬೇಡಿ. ಹಬ್ ಪಂಪ್ ಶಾಫ್ಟ್ ಮೇಲೆ ಎಲ್ಲಿ ಕೂರಬೇಕು ಅಂತ ಕಾರ್ಖಾನೆಯಲ್ಲೇ ನಿಗದಿ ಮಾಡಿ ಬಿಗಿದಿರೋ ನಟ್ ಅದು. ಒಮ್ಮೆ ಸಡಿಲ ಆದರೆ ಪಂಪ್‌ನ ಮೂಲ ಸೆಟ್ಟಿಂಗ್ ಹೋಯ್ತು, ಗ್ಯಾರೇಜಲ್ಲಿ ಅದನ್ನ ಸರಿ ಮಾಡೋಕಾಗಲ್ಲ. ಪಂಪ್ ಬಿಚ್ಚಿಕೊಂಡು ನಮ್ಮಂಥವರ ಬೆಂಚ್‌ಗೆ ತರಬೇಕು. "ಮೂರು ಬೋಲ್ಟ್ ಯಾಕೆ, ನಡುವಿನದು ಒಂದೇ ಬಿಚ್ಚಿದರೆ ಸಾಕಲ್ಲ" ಅಂತ ಬುದ್ಧಿವಂತಿಕೆ ತೋರಿಸಿದವರ ಪಂಪ್‌ಗಳಿಂದಲೇ ನಮಗೆ ಸಾಕಷ್ಟು ಕೆಲಸ ಸಿಕ್ಕಿದೆ.

ಬೆಲ್ಟ್‌ನ ಕೈಯಲ್ಲಿ ಹಿಡಿಯುವಾಗ ಮಡಚಬೇಡಿ, ಒಳಹೊರಗೆ ತಿರುಚಬೇಡಿ, ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಬೇಡಿ. ಒಳಗಿನ ಗಾಜಿನ ಹುರಿ ಮುರಿದರೆ ಹೊರಗೆ ಗೊತ್ತೇ ಆಗಲ್ಲ. ಟೆನ್ಷನರ್ ಬೆನ್ನ ಮೇಲಿನ ಕಿವಿ ಹಿಂದಿನ ಕವರ್‌ನ ಸಂದಿಯಲ್ಲಿ ಕೂತಿದೆಯಾ ನೋಡಿಕೊಂಡೇ ನಟ್ ಬಿಗಿಯಿರಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿಯಾದಾಗ ಲೋಹ ಹಿಗ್ಗಿ ಟೆನ್ಷನ್ ಹೆಚ್ಚಾಗಿ ತೋರಿಸುತ್ತೆ.

ಕೊನೆಗೆ ಲಾಕ್ ಎಲ್ಲಾ ತೆಗೆದು, ಗ್ಲೋ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟ್‌ನಿಂದ ಪೂರ್ತಿ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ಇಂಜಿನ್ ಓಡೋ ದಿಕ್ಕಿಗೇ, ಅಂದರೆ ಬೆಲ್ಟ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ. ಕ್ಯಾಮ್ ಬೋಲ್ಟ್ ಹಿಡಿದು ತಿರುಗಿಸಲೇಬೇಡಿ. ನಡುವೆ ಎಲ್ಲಾದರೂ ಲೋಹ ತಾಗಿದ ಹಾಗೆ ತಟ್ಟನೆ ನಿಂತರೆ ನೀವೂ ನಿಲ್ಲಿಸಿ. ಎರಡು ಸುತ್ತಾದ ಮೇಲೆ ಪಟ್ಟಿ, ಪಿನ್ ಸಲೀಸಾಗಿ ಮತ್ತೆ ಕೂರಬೇಕು, ಟೆನ್ಷನರ್ ಮುಳ್ಳು ಗುರುತಿಗೆ ಬರಬೇಕು. ಬರಲಿಲ್ಲ ಅಂದರೆ ಮತ್ತೆ ಮೊದಲಿಂದ. ಸ್ಟಾರ್ಟರ್ ಮುಟ್ಟೋದು ಇದೆಲ್ಲ ಆದ ಮೇಲೆ.

ಕ್ಲಚ್ ಬದಲಿಸಿದವರಿಗೆ ಈ ಕೆಲಸ ಆಗದೇ ಇರಲ್ಲ. ನಿಮ್ಮ ಇಂಜಿನ್ ಕೋಡ್‌ನ ಸರ್ವಿಸ್ ಪುಸ್ತಕ ಮಾತ್ರ ಎದುರಿಗಿರಲಿ, ನಾನು ಹೇಳಿದ್ದು ಅದರ ಬದಲಿಗೆ ಅಲ್ಲ.

ಬಿಳಿಗುರುತು:

ಹಿರಿಯರಿಗೆ ಗೌರವ ಇದೆ, ಆದರೆ ಪೇಂಟ್ ಗುರುತನ್ನ ಹೀಗೆ ಬದಿಗೆ ತಳ್ಳೋದು ಸರಿಯಲ್ಲ. ಹಳೇ ಬೆಲ್ಟ್ ಮೇಲೆ, ಮೂರೂ ಪುಲ್ಲಿ ಮೇಲೆ ಗುರುತು ಹಾಕಿ, ನಡುವಿನ ಹಲ್ಲು ಎಣಿಸಿ, ಅದೇ ಗುರುತನ್ನ ಹೊಸ ಬೆಲ್ಟ್‌ಗೆ ದಾಟಿಸಿದರೆ ಹಲ್ಲು ತಪ್ಪೋಕೆ ಹೇಗೆ ಸಾಧ್ಯ? ನಾನು ವರ್ಷಗಳಿಂದ ಹೀಗೇ ಮಾಡ್ತಿದ್ದೇನೆ, ಒಂದು ಗಾಡಿಯೂ ವಾಪಸ್ ಬಂದಿಲ್ಲ. ಎಲ್ಲರ ಹತ್ರ ಲಾಕ್ ಕಿಟ್ ಇರಲ್ಲ.

ಪಂಪ್‌ಕೋಣೆ:

ಹಲ್ಲು ತಪ್ಪಲ್ಲ, ಒಪ್ಪಿದೆ. ನನ್ನ ತಕರಾರು ಹಲ್ಲಿನ ಬಗ್ಗೆ ಅಲ್ಲ.

ಪೇಂಟ್ ಗುರುತು ಮೊದಲಿದ್ದ ಸ್ಥಿತಿಯನ್ನ ಹಾಗೇ ನಕಲು ಮಾಡುತ್ತೆ. ಮೊದಲಿದ್ದದ್ದು ಸರಿ ಇತ್ತು ಅಂತ ನಿಮಗೆ ಹೇಗೆ ಗೊತ್ತು? ಇವರ ಗಾಡಿಗೆ ಹಿಂದೆ ಯಾರು ಕೈ ಹಾಕಿದ್ದಾರೋ ಗೊತ್ತಿಲ್ಲ. ಅದೂ ಅಲ್ಲದೆ ಹಳೇ ಬೆಲ್ಟ್ ಓಡಿ ಓಡಿ ಸ್ವಲ್ಪ ಹಿಗ್ಗಿರುತ್ತೆ, ಹೊಸದು ಹಿಗ್ಗಿರಲ್ಲ. ಹಲ್ಲಿನ ಲೆಕ್ಕ ಅದೇ ಇದ್ದರೂ ಕ್ಯಾಮ್, ಪಂಪ್ ಒಂದೆರಡು ಡಿಗ್ರಿ ಆಚೀಚೆ ನಿಲ್ತವೆ. ಕೀ ಇರೋ ಪುಲ್ಲಿಯ ಸಾದಾ ಪೆಟ್ರೋಲ್ ಇಂಜಿನ್‌ನಲ್ಲಿ ಅದು ನಡೆದುಹೋಗುತ್ತೆ. ಅಲ್ಲಿ ಗುರುತು ಹಾಕಿ ಮಾಡಿ, ನನ್ನದೇನೂ ಅಭ್ಯಂತರ ಇಲ್ಲ.

ಆದರೆ ಇಲ್ಲಿರೋದು ಬಾಷ್ ವಿಪಿ37, ವಿಇ ಜಾತಿಯ ಡಿಸ್ಟ್ರಿಬ್ಯೂಟರ್ ಪಂಪ್. ಡೀಸೆಲ್ ಯಾವ ಕ್ಷಣಕ್ಕೆ ಒಳಗೆ ಬೀಳಬೇಕು ಅನ್ನೋದು ಪಂಪ್ ಶಾಫ್ಟ್ ಎಲ್ಲಿದೆ ಅನ್ನೋದರ ಮೇಲೇ ನಿಂತಿದೆ. ಕ್ರ್ಯಾಂಕ್ ಗೇರ್‌ನಲ್ಲಿ ಇಪ್ಪತ್ತು ಹಲ್ಲು ಇದೆ ಅಂದುಕೊಳ್ಳಿ, ಒಂದು ಹಲ್ಲು ಅಂದರೆ ಕ್ರ್ಯಾಂಕ್‌ನಲ್ಲಿ 18 ಡಿಗ್ರಿ. ಅಷ್ಟು ತಪ್ಪಿದರೆ ಯಾರಿಗಾದರೂ ಗೊತ್ತಾಗುತ್ತೆ. ಎರಡು ಡಿಗ್ರಿ ತಪ್ಪಿದರೆ ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ, ವಾಪಸ್ ಬರಲ್ಲ. ಬೆಳಗ್ಗೆ ಬಿಳಿ ಹೊಗೆ ಬಿಡುತ್ತೆ, ಇಲ್ಲ ಕಟಕಟ ಅಂತ ಬಡಿಯುತ್ತೆ. ಮಾಲೀಕರು "ಹಳೇ ಡೀಸೆಲ್ ಅಲ್ವಾ, ಇದ್ದಿದ್ದೇ" ಅಂತ ಸುಮ್ಮನಾಗ್ತಾರೆ. ನಿಮ್ಮ ಹತ್ತಿರ ವಾಪಸ್ ಬರದ ಅಂಥ ಗಾಡಿಗಳೇ ಎಷ್ಟೋ ಸಲ ನಮ್ಮಲ್ಲಿಗೆ "ಪಂಪ್ ಕೆಟ್ಟಿದೆ" ಅಂತ ಬಂದಿವೆ. ಬೆಂಚ್ ಮೇಲಿಟ್ಟು ನೋಡಿದರೆ ಪಂಪ್‌ಗೆ ಏನೂ ಆಗಿರಲ್ಲ.

ಗುರುತು ಹಾಕಬೇಡಿ ಅಂತಲ್ಲ. ಲಾಕ್ ಹಾಕಿದ ಮೇಲೂ ಗುರುತು ಹಾಕಿ, ಎರಡನೇ ಸಾಕ್ಷಿ ಇರಲಿ.

ಎರಡುಲಕ್ಷಕಿಮೀ:

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು ಕಾಮನ್ ರೈಲ್ ಡೀಸೆಲ್. ಅದರಲ್ಲೂ ಬೆಲ್ಟ್ ಹೈ ಪ್ರೆಷರ್ ಪಂಪ್ ತಿರುಗಿಸುತ್ತೆ. ಅಲ್ಲೂ ಪಂಪ್‌ಗೆ ಇಷ್ಟೇ ನಿಖರತೆ ಬೇಕಾ? ಇನ್ನೊಂದು, ಮನೆಯಲ್ಲಿ 1.3 ಮಲ್ಟಿಜೆಟ್ ಗಾಡಿ ಕೂಡ ಇದೆ, ಅದಕ್ಕೆ ಎಷ್ಟಕ್ಕೆ ಬದಲಿಸಬೇಕು?

ಹೊಗೆಬತ್ತಿ:

ಮಲ್ಟಿಜೆಟ್ 1.3ಕ್ಕೆ ಬೆಲ್ಟ್ ಇಲ್ಲ, ಚೈನ್. ಅದರ ಆಯಸ್ಸು ನಿಂತಿರೋದು ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಿಸೋದರ ಮೇಲೆ.

ಪಂಪ್‌ಕೋಣೆ:

ಕಾಮನ್ ರೈಲ್‌ನಲ್ಲಿ ಪಂಪ್‌ನ ಕೆಲಸ ರೈಲ್‌ನಲ್ಲಿ ಒತ್ತಡ ತುಂಬಿಸಿ ಇಡೋದು ಮಾತ್ರ. ಯಾವಾಗ ಸಿಡಿಸಬೇಕು ಅನ್ನೋದನ್ನ ಇಸಿಯು (ಇಂಜಿನ್‌ನ ಕಂಪ್ಯೂಟರ್) ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟು ತೀರ್ಮಾನ ಮಾಡುತ್ತೆ. ಹಾಗಾಗಿ ಪಂಪ್ ಡಿಗ್ರಿ ಲೆಕ್ಕ ಅಷ್ಟು ಕಠಿಣ ಅಲ್ಲ. ಆದರೂ ಕೆಲವು ಕಂಪನಿಗಳು ಪಂಪ್ ಪುಲ್ಲಿಗೂ ಗುರುತು ಕೊಟ್ಟಿರ್ತಾರೆ, ಕೊಟ್ಟಿದ್ದರೆ ಅದಕ್ಕೇ ಕೂರಿಸಿ. ಕ್ಯಾಮ್, ಕ್ರ್ಯಾಂಕ್ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ, ಅಲ್ಲೂ ವಾಲ್ವ್‌ಗೂ ಪಿಸ್ಟನ್‌ಗೂ ಅದೇ ಜಗಳ.

ಪಿಡಿ ಇಂಜಿನ್ ಇದ್ದವರಿಗೂ ಒಂದು ಮಾತು. ಅದರಲ್ಲಿ ಪ್ರತ್ಯೇಕ ಇಂಜೆಕ್ಷನ್ ಪಂಪ್ ಇಲ್ಲ, ಕ್ಯಾಮ್‌ಶಾಫ್ಟೇ ಇಂಜೆಕ್ಟರ್‌ಗಳನ್ನ ಒತ್ತಿ ಒತ್ತಡ ಹುಟ್ಟಿಸುತ್ತೆ. ಬೆಲ್ಟ್ ಮೇಲೆ ಬೀಳೋ ಹೊರೆ ಬಹಳ ಜಾಸ್ತಿ, ಅದಕ್ಕೇ ಅಗಲ ಬೆಲ್ಟ್. ಅದರ ಲಾಕ್ ಟೂಲ್ ಬೇರೆ, ಕ್ರಮ ಬೇರೆ. ನಾನು ಮೇಲೆ ಬರೆದಿದ್ದನ್ನ ಅದಕ್ಕೆ ಹಚ್ಚಬೇಡಿ.

ಹೊಗೆಬತ್ತಿ:

ಈ ರಬ್ಬರ್ ಬೆಲ್ಟ್ ಯಾಕೆ ತಂದರೋ ಅಂತ ಶಾಪ ಹಾಕೋರಿಗೆ: ಕಾರಿನಲ್ಲಿ ಇದನ್ನ ಮೊದಲು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರ ಗ್ಲಾಸ್ 1004ರಲ್ಲಿ. ಸದ್ದು ಕಡಿಮೆ, ತೂಕ ಕಡಿಮೆ, ಎಣ್ಣೆ ಬೇಡ. ಬೈಯೋದಾದರೆ ಅಲ್ಲಿಂದ ಶುರು ಮಾಡಿ.

ಮೂರನೇಗೇರ್:

ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಮುಗೀತು, ಆದರೆ ಒಂದು ಪ್ರಶ್ನೆ ಉಳಿದಿದೆ.

ಹೊರಗಿನ ಬೆಲ್ಟ್ ತೆಗೆದು ಸ್ಟಾರ್ಟ್ ಮಾಡಿದಾಗ ಸದ್ದು ಹಾಗೇ ಇತ್ತು. ಅಲ್ಲಿಂದ ಗಾಡಿ ಓಡಿಸಲೇ ಇಲ್ಲ. ಲಾಕ್ ಕಿಟ್ ಸ್ನೇಹಿತರೊಬ್ಬರ ಹತ್ರ ಸಿಕ್ತು. ಬಿಚ್ಚಿ ನೋಡಿದರೆ ವಾಟರ್ ಪಂಪ್ ಪುಲ್ಲಿ ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತೆ, ಅದರ ಕೆಳಗೆ ಬ್ಲಾಕ್ ಮೇಲೆ ಒಣಗಿದ ಗುಲಾಬಿ ಕಲೆ. ಟೆನ್ಷನರ್ ಕೈಯಲ್ಲಿ ತಿರುಗಿಸಿದರೆ ಗರಗರ. ಬೆಲ್ಟ್ ಹಲ್ಲಿನ ಕಡೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದೆ: ಕೆಲವು ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಗೆರೆ. ಮೇಲಿಂದ ಟಾರ್ಚ್‌ಗೆ ಇದ್ಯಾವುದೂ ಕಂಡಿರಲಿಲ್ಲ.

ಮೌಂಟ್ ಬ್ರಾಕೆಟ್ ಹೊರಗೆ ತರೋದು ನೀವು ಹೇಳಿದ್ದಕ್ಕಿಂತ ಹೆಚ್ಚು ತಾಳ್ಮೆ ಬೇಡಿತು, ಅದೊಂದು ಬಿಟ್ಟರೆ ಉಳಿದದ್ದೆಲ್ಲ ಪುಸ್ತಕದಂತೆ. ನಡುವಿನ ನಟ್ ಮುಟ್ಟಿಲ್ಲ, ಮರೆಯದೇ ಇರಲಿ ಅಂತ ಅದರ ಮೇಲೆ ಟೇಪ್ ಅಂಟಿಸಿಬಿಟ್ಟಿದ್ದೆ. ಎರಡು ಸುತ್ತು ತಿರುಗಿಸಿದ ಮೇಲೆ ಪಟ್ಟಿಯೂ ಪಿನ್ನೂ ಸರಿಯಾಗಿ ಕೂತವು.

ಈಗಿನ ಸಮಸ್ಯೆ: ಲ್ಯಾಪ್‌ಟಾಪ್‌ನಲ್ಲಿ ವಿಸಿಡಿಎಸ್ (ಗಾಡಿಯ ಕಂಪ್ಯೂಟರ್ ಓದೋ ಪ್ರೋಗ್ರಾಂ) ಹಾಕಿ ಟಿಡಿಐ ಟೈಮಿಂಗ್ ಗ್ರಾಫ್ ನೋಡಿದೆ. ಮೂರು ಗೆರೆ ಬರುತ್ತೆ, ನನ್ನ ಚುಕ್ಕಿ ಕೆಳಗಿನ ಗೆರೆಗೆ ಅಂಟಿಕೊಂಡ ಹಾಗಿದೆ. ಇಂಜಿನ್ ಬಿಸಿ ಇದ್ದಾಗ ಚೆನ್ನಾಗಿದೆ, ಬೆಳಗ್ಗೆ ಮಾತ್ರ ಸ್ವಲ್ಪ ಹೊತ್ತು ಬಿಳಿ ಹೊಗೆ. ಲಾಕ್ ಎಲ್ಲಾ ಸರಿ ಕೂತಿದ್ದರೂ ಹೀಗ್ಯಾಕೆ? ಹಾಗೇ ಬಿಡಬಹುದಾ?

ಪಂಪ್‌ಕೋಣೆ:

ವಾಟರ್ ಪಂಪ್ ಆಟ ಕೊಡ್ತಿದ್ದರೂ ಇಷ್ಟು ದಿನ ಓಡಿದೆ, ನಿಮ್ಮ ಪುಣ್ಯ. ಟೇಪ್ ಐಡಿಯಾ ನನಗೆ ಹಿಡಿಸಿತು.

ಬಿಡಬೇಡಿ, ಸರಿ ಮಾಡೋದು ಅರ್ಧ ಗಂಟೆ ಕೆಲಸ. ಪಿನ್ ಕೊಡೋದು ಸ್ಥಿರ ಟೈಮಿಂಗ್, ಅಂದರೆ ಹತ್ತಿರದ ಅಂದಾಜು. ಪಿನ್‌ಗೂ ರಂಧ್ರಕ್ಕೂ ನಡುವೆ ಕೂದಲೆಳೆ ಸಡಿಲ ಇದ್ದೇ ಇರುತ್ತೆ. ಇಂಜಿನ್ ಓಡುವಾಗ ನಿಜವಾಗಿ ಯಾವಾಗ ಡೀಸೆಲ್ ಬೀಳ್ತಿದೆ ಅನ್ನೋದನ್ನ ಮೂರನೇ ಸಿಲಿಂಡರ್‌ನ ಇಂಜೆಕ್ಟರ್‌ನಲ್ಲಿರೋ ಸೂಜಿ ಸೆನ್ಸರ್ ಹೇಳುತ್ತೆ, ಗ್ರಾಫ್‌ನಲ್ಲಿ ನಿಮಗೆ ಕಾಣೋದು ಅದು. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಕೂಲೆಂಟ್ 85 ಡಿಗ್ರಿ ದಾಟಿರಬೇಕು, ಪ್ರೋಗ್ರಾಂ ಬೇಸಿಕ್ ಸೆಟ್ಟಿಂಗ್ಸ್‌ನಲ್ಲಿರಬೇಕು. ಇಲ್ಲದಿದ್ದರೆ ಆ ಚುಕ್ಕಿ ನಂಬಬೇಡಿ. ಇದನ್ನ ಮೊದಲು ಖಚಿತ ಮಾಡಿಕೊಳ್ಳಿ.

ಮೇಲಿನ ಗೆರೆ ಮುಂಚೆ ಬೀಳೋದರ ಮಿತಿ, ಕೆಳಗಿನದು ತಡವಾಗಿ ಬೀಳೋದರ ಮಿತಿ, ನಡುವಿನದು ಆದರ್ಶ. ನಿಮ್ಮದು ತಡ. ಬೆಳಗಿನ ಬಿಳಿ ಹೊಗೆ ಅದಕ್ಕೆ ತಾಳೆಯಾಗುತ್ತೆ, ತಡವಾಗಿ ಬಿದ್ದ ಡೀಸೆಲ್ ತಣ್ಣನೆ ಸಿಲಿಂಡರ್‌ನಲ್ಲಿ ಪೂರ್ತಿ ಉರಿಯದೆ ಹೊರಗೆ ಹೋಗುತ್ತೆ.

ಇಂಜಿನ್ ನಿಲ್ಲಿಸಿ, ಪಂಪ್ ಪುಲ್ಲಿಯ ಮೂರು ಹೊರ ಬೋಲ್ಟ್ ಮಾತ್ರ ಸಡಿಲಿಸಿ. ಪಿನ್ ಒಳಗಿರಬಾರದು. ಹಬ್ ಮತ್ತು ಪುಲ್ಲಿ ಎರಡರ ಮೇಲೂ ಒಂದೇ ಗೆರೆ ಎಳೆದುಕೊಳ್ಳಿ, ಎಷ್ಟು ಸರಿಯಿತು ಅಂತ ಗೊತ್ತಾಗಬೇಕು. ಆಮೇಲೆ ಹಬ್‌ನ ಇಂಜಿನ್ ತಿರುಗೋ ದಿಕ್ಕಿಗೇ ಒಂದು ಚೂರು ಮುಂದೆ ತಳ್ಳಿ. ಪಂಪ್ ಶಾಫ್ಟ್ ಪುಲ್ಲಿಗಿಂತ ಮುಂದೆ ಹೋದರೆ ಡೀಸೆಲ್ ಅಷ್ಟು ಮುಂಚೆ ಬೀಳುತ್ತೆ. ಚೂರು ಅಂದರೆ ಚೂರೇ: ಎಳೆದ ಗೆರೆ ತನ್ನ ದಪ್ಪದಷ್ಟು ಸರಿದರೂ ಗ್ರಾಫ್‌ನಲ್ಲಿ ಚುಕ್ಕಿ ಎದ್ದು ಕಾಣೋ ಹಾಗೆ ಜಿಗಿಯುತ್ತೆ. ಬೋಲ್ಟ್ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಸ್ಟಾರ್ಟ್ ಮಾಡಿ, ಮತ್ತೆ ಗ್ರಾಫ್ ನೋಡಿ.

ನಡುವಿನ ಗೆರೆ ಮೇಲೆ, ಇಲ್ಲ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿ. "ಪಿಕಪ್ ಬರುತ್ತೆ" ಅಂತ ಮೇಲಿನ ಗೆರೆಗೆ ಏರಿಸೋರಿದ್ದಾರೆ. ಬರೋದು ಹೆಚ್ಚಾಗಿ ಬಡಿಯೋ ಸದ್ದು. ಆ ಮೂರು ಬೋಲ್ಟ್‌ಗಳು ಹಿಗ್ಗೋ ಜಾತಿಯವು, 20 ನ್ಯೂಟನ್ ಮೀಟರ್ ಆಮೇಲೆ ಕಾಲು ಸುತ್ತು. ಹೊಂದಿಸುವಾಗ ಸದ್ಯಕ್ಕೆ 20ಕ್ಕೆ ಮಾತ್ರ ಬಿಗಿದು ನೋಡಿ, ಚುಕ್ಕಿ ಸರಿಯಾದ ಜಾಗಕ್ಕೆ ಬಂದ ಮೇಲೆ ಹೊಸ ಬೋಲ್ಟ್ ಒಂದೊಂದಾಗಿ ಬದಲಿಸಿ ಕಾಲು ಸುತ್ತು ಕೊಡಿ. ಮೂರನ್ನೂ ಒಟ್ಟಿಗೆ ತೆಗೆದರೆ ಹಬ್ ಮತ್ತೆ ಸರಿದುಬಿಡುತ್ತೆ.

ಬೆಲ್ಟ್ ಹಾಕಿದ ದಿನಾಂಕ, ಕಿಲೋಮೀಟರ್ ಎರಡನ್ನೂ ಕವರ್ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಡಿ.